ಅವ್ವ ಚರ್ಚಿನ ಬಸ್ಸು ಹತ್ತಿದಳು

ಹಳೇ ಗೋವಾದ ಚರ್ಚುಗಳಿಗೆ ಹೋಗುವ ಯಾತ್ರೆಗೆ ಅವ್ವ ಹೆಸರು ಬರೆಸಿದ್ದಾಳೆಂದು ನನಗೆ ಗೊತ್ತಾದದ್ದು ಹೊರಡುವ ಎರಡು ದಿನ ಮೊದಲು. ನಮ್ಮದು ಬೆಳಗಾವಿ ಶಹಾಪುರದ ನೇಕಾರರ ಮನೆ. ಸೋಮವಾರದ ಉಪವಾಸ ತಪ್ಪಿಸದ ಹೆಂಗಸು ಅವಳು. ಕರೆದವರು ಪಕ್ಕದ ಓಣಿಯ ನಿವೃತ್ತ ನರ್ಸ್. ಆರು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಆಸ್ಪತ್ರೆಯ ವಾರ್ಡಿನಲ್ಲಿ ಇದ್ದವರು ಅವರೇ. ಈಸ್ಟರಿಗೆ ಮುಂಚಿನ ವಾರಗಳಲ್ಲಿ ಪ್ರತಿವರ್ಷ ಅವರ ಗುಂಪು ಯಾತ್ರೆ ಹೋಗುತ್ತಿತ್ತು. ಹೋಗಿಬಂದವರು ಬೇರೆಯೇ ಮನುಷ್ಯರಾಗುತ್ತಾರೆ ಎಂದು ಅವರು ಹೇಳುತ್ತಿದ್ದರು. ಆ ‘ಬೇರೆ’ ಅನ್ನುವ ಮಾತೇ ನನಗೆ ಸರಿ ಕಾಣುತ್ತಿರಲಿಲ್ಲ.

ಕಚೇರಿಗೆ ರಜೆ ಹಾಕಿ ನಾನೂ ಬರುತ್ತೇನೆಂದೆ.

“ಬರೂದಿದ್ರ ಬಾ. ಪಹರೆ ಮಾಡಾಕ ಬರಬ್ಯಾಡ,” ಅಂದಳು ಅವ್ವ.

ನಾನು ಹೋದದ್ದು ಪಹರೆಗೇ. ಖಾನಾಪುರದಲ್ಲಿ ಇನ್ನೂ ಎಂಟು ಜನ ಹತ್ತಿದರು. ಮರಾಠಿಯಲ್ಲಿ, ಕೊಂಕಣಿಯಲ್ಲಿ ಪ್ರಾರ್ಥನೆ ಸಾಗಿತು. ಅವ್ವನ ಕೈಗೆ ಯಾರು ಜಪಮಾಲೆ ಕೊಡುತ್ತಾರೋ ಎಂದು ಕಾದೆ. ಯಾರೂ ಕೊಡಲಿಲ್ಲ. ಅವಸರ ಮಾಡಬಾರದೆಂದು ಮೊದಲೇ ಮಾತಾಡಿಕೊಂಡಿರಬೇಕು ಅಂದುಕೊಂಡೆ. ಪಾರಿಶ್ವಾಡದ ಹೆಂಗಸೊಬ್ಬಳು ಚುರಮುರಿ ನೀಡಿದಾಗ ಹೊಟ್ಟೆ ಸರಿಯಿಲ್ಲವೆಂದೆ. ಅವ್ವ ಎರಡು ಹಿಡಿ ತಿಂದಳು.

ಘಾಟಿ ಇಳಿದ ಮೇಲೆ ಒಂದು ಮಾವಿನ ತೋಪಿನ ಬಾಜು ಬಸ್ಸು ನಿಂತಿತು. ಚರ್ಚಿನ ಹೊಸ್ತಿಲು ತುಳಿಯುವ ಮೊದಲು ಮನಸ್ಸಿನ ಒಂದು ಭಾರ ಇಳಿಸಬೇಕೆಂಬುದು ಅವರ ರೂಢಿಯಂತೆ. ಒಬ್ಬಾತ ತಮ್ಮನ ಜೊತೆ ಮಾತು ಬಿಟ್ಟದ್ದನ್ನು ಹೇಳಿದ. ಯಾರೂ ಕೇಳದೆಯೇ ಅವ್ವ ಎದ್ದು ನಿಂತಳು.

“ನನ್ನ ಮಗ ಅವರಪ್ಪನ್ನ ಲಗೂನ ಕಳಿಸಿದ ಅಂತ ಆರು ವರ್ಷ ಮನಸಿನ್ಯಾಗ ಇಟ್ಕೊಂಡೀನಿ. ಅಂವ ತಂದು ಹಾಕಿದ್ದ ಉಂಡೀನಿ, ಅಂವನ ಮ್ಯಾಲೇ ಸಂಶೇ ಪಟ್ಟೀನಿ.”

ನನಗೆ ಮೊದಲು ನೆನಪಾದದ್ದು ಅಪ್ಪನಲ್ಲ, ಆ ನರ್ಸ್. ಉಸಿರಾಟದ ಯಂತ್ರ ತೆಗೆಯಲು ನಾನು ಸಹಿ ಹಾಕಿದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ತಿರುಗಿ ನೋಡಿದರೆ ಅವರೂ ನನ್ನನ್ನೇ ನೋಡುತ್ತಿದ್ದರು. ಕಣ್ಣು ತಗ್ಗಿಸಲಿಲ್ಲ.

ಚರ್ಚಿನೊಳಗೆ ಏನು ನೋಡಿದೆನೋ ನೆನಪಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತು ಅವ್ವನಿಗೆ ಎಲ್ಲ ಹೇಳಿದೆ. ಇನ್ನು ಆಸೆಯಿಲ್ಲವೆಂದು ಡಾಕ್ಟರು ಎರಡು ಸಲ ಹೇಳಿದ್ದು, ನಾನು ಸಹಿ ಹಾಕಿದ್ದು, ತಾವಾಗಿಯೇ ಹೋದರು ಎಂದು ಅವಳಿಗೆ ಸುಳ್ಳು ಹೇಳಿದ್ದು.

“ನನ್ನ ಯಾಕ ಕೇಳಲಿಲ್ಲ?”

“ಬ್ಯಾಡ ಅಂತಿದ್ದಿ.”

“ಹೌದು, ಅಂತಿದ್ದೆ.” ನನ್ನ ಕಡೆ ತಿರುಗಿ, “ಅವರಿಗೆ ತ್ರಾಸ ಆತೇನು?” ಅಂದಳು.

ಆ ಹೊತ್ತಿನಲ್ಲಿ ನಾನು ಒಳಗಿರಲೇ ಇಲ್ಲ. ನೋಡಲಾಗದೆ ವರಾಂಡದಲ್ಲಿ ನಿಂತಿದ್ದೆ. ಅದನ್ನೂ ಹೇಳಿದೆ.

ಎರಡು ಮೆಟ್ಟಿಲು ಕೆಳಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದ ನರ್ಸ್, “ನಾ ಒಳಗಿದ್ದೆರಿ. ಕೈ ಹಿಡಕೊಂಡಿದ್ದೆ. ತ್ರಾಸ ಆಗಲಿಲ್ಲ,” ಅಂದರು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ.

ಬೆಳಗಾವಿಯಲ್ಲಿ ಬಸ್ಸಿಳಿದಾಗ ನರ್ಸನ್ನು ಬದಿಗೆ ಕರೆದು, ಅವ್ವನಿಗೆ ಮೊದಲೇ ಹೇಳಿದ್ದಿರಾ ಎಂದು ಕೇಳಿದೆ. ಅವ್ವನೇ ಬಂದು ಕೇಳಿದ್ದಳಂತೆ, ಮಗನನ್ನು ಕೇಳಿ ಎಂದಷ್ಟೇ ಇವರು ಹೇಳಿದರಂತೆ. ನಂಬಲೋ ಬೇಡವೋ ಇವತ್ತಿಗೂ ಗೊತ್ತಾಗಿಲ್ಲ. ತ್ರಾಸ ಆಗಲಿಲ್ಲ ಎಂದದ್ದಾದರೂ ಖರೆಯೋ, ಮುದುಕಿಯ ಸಮಾಧಾನಕ್ಕೋ? ಕೇಳುವ ಧೈರ್ಯವಾಗಿಲ್ಲ.

ಅವ್ವ ಮತ್ತೆ ಆ ಯಾತ್ರೆಗೆ ಹೋಗಲಿಲ್ಲ. ಆದರೆ ಈಗ ಊಟಕ್ಕೆ ಕೂತಾಗ ಅಪ್ಪನ ಮಾತು ತೆಗೆಯುತ್ತಾಳೆ, ನನ್ನ ಮುಖ ನೋಡಿಕೊಂಡೇ.