ಬೀದಿಗೆಲ್ಲ ಒಂದೇ ಮಾತ್ರೆ ಚೀಟಿ

ಅರವತ್ತರ ದಶಕದಲ್ಲಿ ನಮ್ಮ ಮಧುವನಹಳ್ಳಿಯಲ್ಲಿ ಡಾಕ್ಟರು ಬರೆದ ಚೀಟಿಯನ್ನು ಯಾರೂ ಬಿಸಾಡುತ್ತಿರಲಿಲ್ಲ. ಮೊರ, ಜರಡಿ ಎರವಲು ಕೊಟ್ಟಷ್ಟೇ ಸಲೀಸಾಗಿ ಅದೂ ಮನೆಮನೆ ಸುತ್ತುತ್ತಿತ್ತು. ಸೊಂಟ ಹಿಡಿದವರು, ಹಲ್ಲು ನೋಯುವವರು, ಎಲ್ಲರೂ ಒಂದೇ ಚೀಟಿ ತೋರಿಸಿ ಕೊಳ್ಳೇಗಾಲದಿಂದ ನೋವಿನ ಮಾತ್ರೆ ತರುವುದು.

ಆ ಸಲದ ಚೀಟಿ ನನ್ನ ಮಂಡಿಯದು. ಹನೂರಿನವರ ಮೇಲೆ ಕಬಡ್ಡಿ ಸೆಮಿಫೈನಲ್ಲು. ಮೂವರು ನನ್ನ ಕಾಲಿಗೆ ಜೋತುಬಿದ್ದರೂ ಎಳೆದುಕೊಂಡೇ ಬಂದು ಗೆರೆ ಮುಟ್ಟಿದೆ. ಅಬ್ಬಾ, ಏನು ಕೇಕೆ! ಎದ್ದು ನಿಂತರೆ ಮಂಡಿ ಕುಂಬಳಕಾಯಿ. ಡಾಕ್ಟರು ಮೂರು ದಿನಕ್ಕೆ ಮಾತ್ರೆ ಬರೆದು, ಕಾಲು ಅಲ್ಲಾಡಿಸಬೇಡ ಅಂದರು. ಫೈನಲ್ಲು ಮುಂದಿನ ಭಾನುವಾರವೇ, ಯಳಂದೂರಿನವರ ಮೇಲೆ!

ಮಾತ್ರೆ ನುಂಗಿದರೆ ನೋವೇ ಮಾಯ. ಮೂರು ದಿನದ್ದನ್ನು ಒಂದೂವರೆ ದಿನಕ್ಕೇ ಮುಗಿಸಿ, ಅದೇ ಚೀಟಿಗೆ ಮತ್ತೆ ತರಿಸಿದೆ. ಅದೂ ಮುಗಿದು, ಭಾನುವಾರ ಬೆಳಿಗ್ಗೆ ದೊಡ್ಡಪ್ಪನ ಮಗ, ನಮ್ಮ ಕ್ಯಾಪ್ಟನ್, ಸೈಕಲ್ಲಿನಲ್ಲಿ ನನ್ನನ್ನು ಕೂರಿಸಿಕೊಂಡು ಮದ್ದಿನಂಗಡಿಗೆ ಓಡಿಸಿದ.

ಅಂಗಡಿಯ ಯಜಮಾನರು ಚೀಟಿ ನೋಡಿ ನಕ್ಕರು. "ಏನ್ಲಾ, ನಿಮ್ಮೂರಲ್ಲಿ ಎಲ್ರಿಗೂ ಇದೊಂದೇ ಮಂಡಿಯಾ?"

"ಇವತ್ತೊಂದಿನ ಕೊಡಿ ಸಾ. ಫೈನಲ್ಲು ಕಣ್ರಿ!" ಅಂದ ಅಣ್ಣ.

"ಮಾತ್ರೆ ನುಂಗುದ್ರೆ ನೋವು ಓಯ್ತದೆ, ಏಟು ಒಳಗೇ ಇರ್ತದೆ. ಗೊತ್ತಾಗ್ದಂಗೆ ಆಡಿ ಕಾಲನ್ನೇ ಕಳ್ಕತಾನೆ. ಎಲ್ಲಿ, ಮಾತ್ರೆ ಇಲ್ದೆ ಆ ಮೆಟ್ಲು ಇಳಿದು ಹತ್ಲಿ, ನೋಡಾನ."

ಇದೇನು ಮಹಾ ಅಂತ ಇಳಿದೆ. ಹತ್ತುವಾಗ ಮಂಡಿ ಕಳಚಿದಂತಾಗಿ ಅಲ್ಲೇ ಕುಸಿದೆ. ಅಣ್ಣನ ಮುಖ ಸುಣ್ಣ. "ಲೇ, ಇದ್ರ ಮೇಲೆ ಮೂರು ಜನ ಬಿದ್ರೆ?" ಅಂದವನೇ ಚೀಟಿಯನ್ನು ತಾನೇ ಪರಪರ ಹರಿದ. "ನೀನು ಆಡಂಗಿಲ್ಲ. ಕೂತ್ಕಂಡು ಕೂಗು, ಸಾಕು."

ಕೂಗಿದೆ ನೋಡಿ! ನನ್ನ ಬದಲು ಅಣ್ಣನೇ ದಾಳಿಗೆ ನುಗ್ಗಿದ. "ಬಲಗಡೆಯವನು ಸುಸ್ತಾಗವ್ನೆ, ಮುಟ್ಟಣ್ಣಾ! ತಿರುಗು, ತಿರುಗು!" ಮೈದಾನವೆಲ್ಲ ಧೂಳು, ಎದೆಯೊಳಗೆ ತಮಟೆ. ಎರಡು ಸಲ ಎದ್ದೇಬಿಡಲು ಹೋದೆ. ಮಂಡಿಯೇ ಹಿಡಿದು ಕೂರಿಸಿತು. ಕೊನೆಗೆ ಒಂದೇ ಪಾಯಿಂಟಿನಲ್ಲಿ ಸೋತೆವು.

ಯಳಂದೂರಿನ ಕ್ಯಾಪ್ಟನ್ ಬೆವರು ಒರೆಸುತ್ತ ನನ್ನ ಹತ್ತಿರ ಬಂದ. "ಏನಣ್ಣ, ನಿನ್ನ ಬಾಯೇ ನಮ್ಮನ್ನ ಇಷ್ಟು ಕಾಡ್ತು. ಕಾಲೂ ಬಂದಿದ್ರೆ ನಮ್ ಗತಿ?"

"ಕಾಲ್ನ ಉಳಿಸಿ ಮಡಗಿವ್ನಿ ಕಣ್ಲಾ," ಅಂದೆ, "ನಿಮಗೋಸ್ಕರಾನೇ!"