ಬೂಟು ಹಾಕಿದ ಅಕ್ಷರಗಳು

ಹೋದ ತಿಂಗಳು ದಿಲ್‌ಸುಖ್‌ನಗರದಲ್ಲಿ ಮೆಟ್ರೋ ಇಳಿದು ಒಂದು ಕಾಫಿ ಕೊಂಡೆ. ಕಾಗದದ ಲೋಟದ ಮೇಲಿನ ಇಂಗ್ಲಿಷ್ ಅಕ್ಷರಗಳಿಗೆ ದಪ್ಪನೆಯ, ಚೌಕ ಪಾದಗಳಿದ್ದವು. ಕಾಫಿ ಆರುವ ತನಕ ಅವನ್ನೇ ನೋಡುತ್ತ ನಿಂತೆ. ಸ್ಲ್ಯಾಬ್ ಸೆರಿಫ್ ಅನ್ನುತ್ತಾರಂತೆ ಇದಕ್ಕೆ, ಆಮೇಲೆ ಮಗಳು ಹೇಳಿದಳು. ನಮ್ಮ ಪ್ರೆಸ್ಸಿನ ಕಾಕಾ ಇವನ್ನು ಬೂಟಿನ ಅಕ್ಷರ ಅನ್ನುತ್ತಿದ್ದರು...

ಆಗ ನಾವು ದಿಲ್‌ಸುಖ್‌ನಗರದಲ್ಲೇ, ಆ ಪ್ರೆಸ್ಸಿನ ಮಹಡಿಯ ಮೇಲೆ ಬಾಡಿಗೆಗಿದ್ದೆವು. ನನ್ನವರು ಬೆಳಿಗ್ಗೆಯೇ ಬಾಲಾನಗರದ ಕಾರ್ಖಾನೆಗೆ ಹೊರಟುಬಿಡುತ್ತಿದ್ದರು. ಕಾಕಾ ಬೀದರ್ ಕಡೆಯವರು. ಊರ ತುಂಬ ಕಂಪ್ಯೂಟರ್ ಕೋಚಿಂಗ್ ಬೋರ್ಡುಗಳು ಎದ್ದ ವರ್ಷಗಳವು. ಕಾಕಾ ಅಚ್ಚಿನ ಮೊಳೆಗಳನ್ನು ಮಾರಿ ಕಂಪ್ಯೂಟರ್ ತಂದು, ಎರಡೇ ಬೆರಳಲ್ಲಿ ಟೈಪ್ ಮಾಡುವುದನ್ನು ಕಲಿತಿದ್ದರು. ನಾನು ಕಲಬುರ್ಗಿಯ ಕಾನ್ವೆಂಟಿನಲ್ಲಿ ಓದಿದವಳೆಂದು ತಿಳಿದದ್ದೇ ತಡ, ಇಂಗ್ಲಿಷ್ ಪ್ರೂಫ್ ತಿದ್ದಲು ಕರೆದರು. ಮದುವೆಯಾದ ಮೇಲೆ ನನ್ನ ಕೈಗೆ ಬಂದ ಮೊದಲ ಕೆಲಸ ಅದು.

"ಏನ್ರೀ ಕಾನ್ವೆಂಟ್ ಬಾಯಾರ, ಇವತ್ತ ಎಷ್ಟ ಅಕ್ಷರದ ಕಿವಿ ಹಿಂಡಿದ್ರಿ?" ಎಂದು ದಿನವೂ ಕೇಳುವರು.

ಅಕ್ಷರಗಳಿಗೆ ಸ್ವಭಾವವಿದೆ ಎಂದು ಅವರಿಂದಲೇ ತಿಳಿದದ್ದು. ಒಮ್ಮೆ ಒಂದು ಲಗ್ನಪತ್ರಿಕೆಗೆ ಬೂಟಿನ ಅಕ್ಷರ ಹಾಕಿದರೆ ಹೇಗೆ ಎಂದು ಕೇಳಿದ್ದೆ. "ಬ್ಯಾಡವಾ. ಮದುಮಗಳು ಫೌಜುದಾರ ಆದಂಗ ಕಾಣ್ತಾಳ," ಅಂದರು.

ಅಚ್ಚಿನ ಕಾಲದ ಗಿರಾಕಿಗಳೆಲ್ಲ ಬಿಟ್ಟುಹೋಗಿ, ಅಂಗಡಿ ನಡೆಯುತ್ತಿದ್ದದ್ದು ಒಂದೇ ಒಂದು ಕೋಚಿಂಗ್ ಸೆಂಟರಿನ ಕೆಲಸದಿಂದ. ಆ ಸಲ ಅವರ ಪ್ರೋಗ್ರಾಮಿಂಗ್ ಪುಸ್ತಕ ಬಂದಿತ್ತು. ಸೋಮವಾರ ಹೊಸ ಬ್ಯಾಚ್. ಕಾಕಾ ಪಾಠವನ್ನು ಸಾದಾ ಅಕ್ಷರದಲ್ಲಿ, ನಡುನಡುವೆ ಬರುವ ಪ್ರೋಗ್ರಾಮುಗಳನ್ನು ಬೂಟಿನ ಅಕ್ಷರದಲ್ಲಿ ಕೂರಿಸಿದ್ದರು. ಯಾಕೆಂದು ನಾನು ಕೇಳಲಿಲ್ಲ. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಹಾಗೆ ಕೆಂಪು ಪೆನ್ನು ಹಿಡಿದು, ಪ್ರತಿ ಸಾಲಿನ ಮೊದಲಕ್ಷರವನ್ನು ದೊಡ್ಡಕ್ಷರ ಮಾಡಿದೆ. ಸಾಲಿನ ಕೊನೆಯ ಅರ್ಧವಿರಾಮಗಳನ್ನೆಲ್ಲ ಹೊಡೆದು ಅಚ್ಚುಕಟ್ಟಾಗಿ ಪೂರ್ಣವಿರಾಮ ಇಟ್ಟೆ. ಕಾಕಾ ನನ್ನ ಗುರುತುಗಳನ್ನು ನಂಬಿ, ಒಂದನ್ನೂ ಬಿಡದೆ ಕಂಪ್ಯೂಟರಿಗೆ ಏರಿಸಿದರು.

ಗುರುವಾರ ಮಧ್ಯಾಹ್ನ ಸೆಂಟರಿನ ಸರ್ ಮಾದರಿ ಪ್ರತಿ ಹಿಡಿದು ಬಂದರು. "ಏಂಟಂಡೀ ಇದಿ?" ಏನ್ರೀ ಇದು ಎಂದು ತೆಲುಗಿನಲ್ಲಿ ಗುಡುಗಿದರು. ಒಂದು ಪ್ರೋಗ್ರಾಮೂ ಓಡುತ್ತಿಲ್ಲ; ಯಂತ್ರಕ್ಕೆ ಒಂದು ಚುಕ್ಕೆ ಹೆಚ್ಚುಕಡಿಮೆಯಾದರೂ ಆಗದು; ಶನಿವಾರದೊಳಗೆ ಸರಿಯಾಗದಿದ್ದರೆ ಪುಸ್ತಕ ಅಮೀರ್‌ಪೇಟೆಗೆ ಹೋಗುತ್ತದೆ, ಮುಂದಿನ ಕೆಲಸವೂ ಅಲ್ಲಿಗೇ.

ನಾನು ಕಪಾಟಿನ ಹಿಂದೆ ಕೂತಿದ್ದೆ. ಕೈಯಲ್ಲಿ ಕೆಂಪು ಪೆನ್ನು. ಅದನ್ನು ಸೆರಗಿನೊಳಗೆ ಮುಚ್ಚಿಟ್ಟೆ.

"ಗಲತಿ ಮೇರಿ ಹೈ ಸಾಬ್," ಅಂದರು ಕಾಕಾ. ತಪ್ಪು ನನ್ನದು ಎಂದು.

ಸರ್ ಸ್ವಲ್ಪ ತಣ್ಣಗಾಗಿ, ಹಾಗಾದರೆ ಈ ಮುದಿ ಟೈಪ್‌ರೈಟರ್ ಅಕ್ಷರವನ್ನೂ ತೆಗೆದುಬಿಡಿ, ಹೈಟೆಕ್ ಸಿಟಿಯ ಬೋರ್ಡುಗಳಲ್ಲಿರುವಂಥ ತೆಳ್ಳನೆಯದನ್ನು ಹಾಕಿ ಅಂದರು. ಕೆಲಸ ಕೈಬಿಡುವ ಹೊತ್ತು. ಬೇರೆ ಯಾರಾದರೂ ಹ್ಞೂಂ ಅನ್ನುತ್ತಿದ್ದರು. ಕಾಕಾ ಎರಡೂ ಬಗೆಯ ಅಕ್ಷರಗಳಲ್ಲಿ ಒಂದು ಪುಟ ತೆಗೆದು, ಝೆರಾಕ್ಸ್ ಮಾಡಿದರು. ಆ ಝೆರಾಕ್ಸಿನ ಝೆರಾಕ್ಸ್. ಮತ್ತೆ ಅದರದ್ದು... ಐದನೆಯದರಲ್ಲಿ ತೆಳ್ಳನೆಯ ಅಕ್ಷರಗಳ ಸೊಂಟ ಮುರಿದಿತ್ತು. ಅಂಕಿ ಒಂದು, ಸಣ್ಣ ಎಲ್, ದೊಡ್ಡ ಐ, ಮೂರೂ ಬರಿಯ ಕಡ್ಡಿಯಾಗಿದ್ದವು. ಬೂಟಿನವು ನಿಂತೇ ಇದ್ದವು: ಐ‌ಗೆ ಮೇಲೂ ಕೆಳಗೂ ಪಟ್ಟಿ, ಎಲ್‌ಗೆ ನೆಟ್ಟಗಿನ ಮೂಗು, ಒಂದಕ್ಕೆ ಇಳಿಬಿದ್ದ ಮೂಗು. ಪುಸ್ತಕ ಕೊಳ್ಳುವವನು ಒಬ್ಬ, ಉಳಿದ ಹುಡುಗರ ಕೈಗೆ ಸಿಗುವುದು ಈ ಐದನೆಯ ಪ್ರತಿ ಎಂದರು ಕಾಕಾ. ಸರ್ ಬೂಟಿನ ಪುಟವನ್ನೇ ಮಡಚಿ ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿದರು.

ಆಮೇಲೆ ನನಗೆ ಅಳು ಬಂತು.

"ಅಳಾಕ ಟೈಮಿಲ್ಲ ತಂಗೆಮ್ಮಾ. ಇದು ಇಂಗ್ಲಿಷಲ್ಲ, ಮಷೀನಿನ ಭಾಷಾ. ನಾನೂ ನಿನಗ ಹೇಳಬೇಕಿತ್ತು. ಬೂಟ್ ಕಂಡಲ್ಲಿ ನಿಮ್ಮ ಸಿಸ್ಟರನ್ನ ಬಾಗಿಲ ಹೊರಗ ನಿಲ್ಲಿಸು. ಈಗ ಓದು."

ಸರ್ ಬರೆದುಕೊಟ್ಟಿದ್ದ ಕೈಬರಹವನ್ನು ನಾನು ಒಂದೊಂದೇ ಚಿಹ್ನೆಯಾಗಿ ಓದಿದೆ. ಅವರು ಎರಡು ಬೆರಳಲ್ಲಿ ಹೊಡೆದರು. ಶುಕ್ರವಾರವೂ ಅದೇ. ಬ್ರಾಕೆಟ್ ತೆರೆ, ಬ್ರಾಕೆಟ್ ಮುಚ್ಚು, ಅರ್ಧವಿರಾಮ... ಅನ್ನ ಹೊತ್ತಿದ ವಾಸನೆ ಮಹಡಿಯಿಂದ ಇಳಿದಾಗ ಮಾತ್ರ ಎದ್ದೆ. ಒಂದು ಸಾಲಿನಲ್ಲಿ ಅಂಕಿ ಒಂದು ಇರಬೇಕಾದಲ್ಲಿ ಎಲ್ ಕೂತಿತ್ತು. ಮೂಗು ನೋಡಿ ಹಿಡಿದೆ. ಕಾಕಾ ಕನ್ನಡಕ ಮೇಲೇರಿಸಿ ನನ್ನ ಕಡೆ ತಿರುಗಿ, "ಶಾಭಾಸ್ ಬಾಯಾರ," ಅಂದರು.

ಶನಿವಾರ ಪ್ರೋಗ್ರಾಮುಗಳೆಲ್ಲ ಓಡಿದವು. ಕೆಲಸ ಉಳಿಯಿತು. ಆದರೆ ಸರ್ ಬಂದಾಗಲೆಲ್ಲ, "ಈ ಸಲ ನೋಡಿ ಹಾಕಿ ಅಂಕಲ್," ಎಂದು ಚುಚ್ಚುತ್ತಲೇ ಇದ್ದರು. ಕಾಕಾ ನಗುತ್ತಿದ್ದರು. ನಾನು ಕಪಾಟಿನ ಹಿಂದಿನಿಂದ ಎದ್ದು ಬರಲೇ ಇಲ್ಲ. ಆಮೇಲೆ ನಾವು ಶಂಶಾಬಾದಿಗೆ ಮನೆ ಬದಲಿಸಿದೆವು. ಕಾಕಾ ತೀರಿಕೊಂಡದ್ದು ತಿಳಿದಾಗ ಹದಿಮೂರನೆಯ ದಿನವೂ ಕಳೆದಿತ್ತು.

ಕಾಫಿ ಕುಡಿದ ಆ ದಿನ ನಾನು ನೇರ ಆ ಹಳೆಯ ಕೋಚಿಂಗ್ ಸೆಂಟರಿಗೆ ನಡೆದೆ. ಮೂರು ಮಹಡಿ ಹತ್ತಿದೆ. ಸರ್‌ಗೆ ತಲೆ ನರೆತಿತ್ತು. ಆ ಪುಸ್ತಕದ ತಪ್ಪು ನನ್ನದು, ಅಂಕಲ್ ಅವರದಲ್ಲ ಎಂದೆ.

ಅವರು ಕೈಲಿದ್ದ ಫೋನು ಕೆಳಗಿಟ್ಟು, "ಏ ಅಂಕಲ್ ಅಮ್ಮಾ?" ಅಂದರು. ಯಾವ ಅಂಕಲ್?

ಕುರ್ಚಿ ಎಳೆದುಕೊಂಡು ಕೂತೆ. ಬೀದರ್ ಕಡೆಯಿಂದ ಬಂದಿದ್ದರು ಎಂದು ಮೊದಲಿನಿಂದ ಶುರುಮಾಡಿದೆ.