ಗುಳಿಗೆ ತಡೆದ ಕೈ

ನಮ್ಮ ಸೀಮೆಯ ಶುಶ್ರೂಷಾ ವೃತ್ತಿಯಲ್ಲಿ ನೋವಾಗದಂತೆ ಸೂಜಿ ಚುಚ್ಚಿ ಹೆಸರಾದವರು ಹಲವರಿದ್ದಾರೆ. ಗುಳಿಗೆ ಕೊಡದೆಯೇ ಹೆಸರಾದವರು ಮಾನ್ಯ ವಿರೂಪಾಕ್ಷಮ್ಮ ಸಿಸ್ಟರ್ ಒಬ್ಬರೇ. ೧೯೫೮ರಲ್ಲಿ ಗಂಗಾವತಿಯಲ್ಲಿ ಸೇವೆಗೆ ಸೇರಿ, ಕುಷ್ಟಗಿಯಲ್ಲಿ ಹತ್ತು ವರ್ಷ ದುಡಿದು, ಆಮೇಲೆ ಯಲಬುರ್ಗಾ ಕಡೆಯ ನಮ್ಮ ಪುಟ್ಟ ಆಸ್ಪತ್ರೆಗೆ ಬಂದ ಅವರು ಈ ವರ್ಷ, ೧೯೮೮ರಲ್ಲಿ, ನಿವೃತ್ತರಾಗುತ್ತಿದ್ದಾರೆ. ಅವರ ಕೈಕೆಳಗೆ ಹತ್ತು ವರ್ಷ ಬೈಸಿಕೊಂಡು ನರ್ಸ್ ಆದವಳು ನಾನು, ಮಾಶಾಬಿ.

ಹುಲಿಗೆಮ್ಮನ ಹೆಸರಿನಲ್ಲಿ ಮಂಗಳವಾರ ಉಪವಾಸವಿದ್ದ ಹೆಂಗಸರು ಮೊಣಕಾಲು ನೋವಿನ ಗುಳಿಗೆ ಕೇಳಿದರೆ, ಉಪವಾಸ ಬಿಟ್ಟು ಎರಡು ರೊಟ್ಟಿ ಉಂಡ ಮೇಲೆ ಬರಬೇಕೆಂದು ಕಳಿಸುತ್ತಿದ್ದರು. ಮಂಪರಿನಲ್ಲಿದ್ದವರ ಬಾಯಿಗೆ ಗುಳಿಗೆ ಹಾಕಲು ಹೋದ ನೆಂಟರನ್ನು ಅವರು ಗದರಿಸಿದ್ದು ಹೊರಗಿನ ಬೇವಿನ ಕಟ್ಟೆಗೂ ಕೇಳಿಸುತ್ತಿತ್ತು. ಅಬ್ಬಬ್ಬಾ, ಏನು ಗಂಟಲು!

೧೯೭೯ರ ಒಂದು ಮುಂಜಾನೆ ತಳಕಲ್ಲಿನ ಮುದುಕವ್ವ ಎಂಬ ಅಜ್ಜಿಗೆ ಹೃದಯದ ಗುಳಿಗೆ ಕೊಡಬೇಕಿತ್ತು. ಎರಡು ದಿನದಿಂದ ಆಕೆಗೆ ಊಟ ಸೇರದು, ವಾಕರಿಕೆ ಬೇರೆ. ಸಿಸ್ಟರ್ ಗುಳಿಗೆಯನ್ನು ತಡೆದು, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದರು. ನಲವತ್ತಾರು! ಅರವತ್ತಕ್ಕಿಂತ ಕಡಿಮೆಯಿದ್ದರೆ ಆ ಗುಳಿಗೆಯೇ ಪ್ರಾಣ ತೆಗೆಯಬಲ್ಲದು.

ಸುದ್ದಿ ತಿಳಿದು ಬಂದ ಆಗಿನ ಡಾಕ್ಟರ್ ಸಾಹೇಬರು ಕೆಂಡವಾದರು. ತಾವು ಬರೆದದ್ದನ್ನು ಕೊಡುವುದಷ್ಟೇ ನರ್ಸಿನ ಕೆಲಸ, ಮೇಲಕ್ಕೆ ವರದಿ ಕಳಿಸುವೆ ಎಂದರು. ಸಿಸ್ಟರ್ ಮಕ್ಕಳ ಸಾಲಿಯ ವರ್ಷ ನಡುವಿಗೆ ಬಂದಿತ್ತು, ಬೇರೆ ಊರಿಗೆ ವರ್ಗವಾದರೆ ಸಂಸಾರ ಚೆಲ್ಲಾಪಿಲ್ಲಿ. ಆದರೂ ಅವರು ಜಗ್ಗಲಿಲ್ಲ.

"ವರದಿ ಕಳಸ್ರಿ ಸಾಹೇಬರ. ಮೊದಲ ಆಕಿ ನಾಡಿ ನೀವ ಎಣಸ್ರಿ. ಅಲ್ಲಿತನಕ ಈ ಗುಳಿಗಿ ನಾ ಕೊಡಂಗಿಲ್ರಿ."

ಸಾಹೇಬರು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಮೇಲೆ ಸ್ಟೂಲಿನ ಮೇಲೆ ಕುಳಿತರು.

ಬೇರೇನಾದರೂ ನುಂಗಿದ್ದೀಯಾ ಎಂದು ಸಿಸ್ಟರ್ ಮೆಲ್ಲಗೆ ಕೇಳಿದಾಗ ಅಜ್ಜಿ ಎಲೆಚೀಲ ಬಿಚ್ಚಿದಳು. ಸುಣ್ಣದ ಡಬ್ಬಿಯ ಪಕ್ಕದಲ್ಲಿ ಅದೇ ಗುಳಿಗೆಗಳು!

"ಗಂಗಾವತಿ ಡಾಕ್ಟರ್ ಕೊಟ್ಟದ್ದ ಯವ್ವಾ. ಹಾಳ ಮಾಡಬಾರದಂತ ಮುಂಜಾನಿ ಎಲಿ ಅಡಿಕಿ ಜೋಡಿ ಅದನ್ನೂ ಒಂದು ನುಂಗ್ತೀನಿ."

ಗುಳಿಗೆ ನಿಂತಿತು, ನಾಡಿ ಏರಿತು. ಎಂಟನೆಯ ದಿನ ಅಜ್ಜಿ ರೊಟ್ಟಿ ಉಂಡು, ಊಟಕ್ಕೆ ಖಾರ ಸಾಲದೆಂದು ನಮ್ಮನ್ನೇ ಬೈದು ಊರಿಗೆ ಹೋದಳು. ಸಾಹೇಬರು ದೊಡ್ಡ ಮನಸ್ಸಿನವರು. ವರದಿಯ ಮಾತು ಬಿಟ್ಟು, ಎಲ್ಲರೆದುರು ಹೊಗಳಿದರು. ಸಿಸ್ಟರ್ ನನ್ನನ್ನು ಮುಂದೆ ತಂದು, "ಆಕಿ ನಾಡಿ ನಾವಿಬ್ರೂ ನೋಡಿದಿವ್ರಿ" ಎಂದರು. ಚಪ್ಪಾಳೆ ನನಗೂ ಬಿತ್ತು.

ಒಂಬತ್ತು ವರ್ಷ ನುಂಗಿಕೊಂಡಿದ್ದ ಮಾತನ್ನು ಇಂದು ಬರೆಯುತ್ತೇನೆ. ನಾನು ಏನನ್ನೂ ನೋಡಿರಲಿಲ್ಲ. ಅಜ್ಜಿಯ ಬಾಯಿಯ ತನಕ ಗುಳಿಗೆ ಒಯ್ದಿದ್ದ ಕೈ ನನ್ನದು. ಸಿಸ್ಟರ್ ಹಿಡಿದು ತಡೆದದ್ದು ಅದನ್ನೇ. ಅಂದು ಅವರು ನಿಜ ಹೇಳಿದ್ದರೆ ನಾನಿಂದು ನರ್ಸ್ ಆಗಿ ಉಳಿದಿರುತ್ತಿರಲಿಲ್ಲ. ಅಕ್ಕಾ, ಆ ಚಪ್ಪಾಳೆಯಲ್ಲಿ ನನ್ನ ಪಾಲನ್ನು ನಿಮಗೆ ಒಪ್ಪಿಸಿದ್ದೇನೆ. ನೂರು ವರ್ಷ ಗಟ್ಟಿಯಾಗಿ ಬಾಳಿರಿ, ವಾರಕ್ಕೊಮ್ಮೆ ವಾರ್ಡಿಗೆ ಬಂದು ನಮ್ಮನ್ನು ಬೈಯುತ್ತಲೂ ಇರಿ.